ಗುಬ್ಬಿಯ ಉಮಕ್ಕ ಕಳಿಸಬೇಕಾದ ಮೊದಲ ಸುದ್ದಿ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಗುಬ್ಬಿಯ ರೈಲ್ವೆ ಗೇಟಿನಾಚೆ ಗಂಗಣ್ಣನವರ ಕೊಬ್ಬರಿ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತ ಉಮಾಮಹೇಶ್ವರಿಯವರು ಒಣಗಿದ ತೆಂಗಿನಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಲೊಡಲೊಡ ಅಂದರೆ ಬಲಕ್ಕೆ. ಗುಳುಗುಳು ಅಂದರೆ ಎಡಕ್ಕೆ. ಏನೂ ಅನ್ನದಿದ್ದರೆ ಕಾಯಿಯ ಮುಖವನ್ನೊಮ್ಮೆ ಅನುಮಾನದಿಂದ ನೋಡಿ, ಹಿಂದಕ್ಕೆ. ವರ್ಷವಿಡೀ ಅಟ್ಟದ ಮೇಲೆ ಮಲಗಿದ್ದ ಕಾಯಿಯೊಳಗೆ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗಿದೆಯೋ ಇಲ್ಲವೋ ಎನ್ನುವುದನ್ನು ಒಡೆಯದೆ ಹೇಳುವುದು ಅವರ ಕೆಲಸ. ಶೆಡ್ಡಿನಲ್ಲಿ ಎಲ್ಲರಿಗೂ ಅವರು ಉಮಕ್ಕ.

ಇವತ್ತು ಮಾತ್ರ ಲೊಡಲೊಡ ಎಂದ ಕಾಯೊಂದು ಎಡಕ್ಕೆ ಹೋಯಿತು. ಎದುರಿಗೆ ಕೂತು ಮಟ್ಟೆ ಸುಲಿಯುತ್ತಿದ್ದ ಓಬಳಮ್ಮ ಕತ್ತಿ ನಿಲ್ಲಿಸಿದರು.

"ಉಮಕ್ಕಾ, ಅದು ಆ ಕಡೀಕೆ ಹೋಗ್ಬೇಕಿತ್ತು ಕಣಕ್ಕ. ಕಿವಿ ಎಲ್ಲೈತೆ ಇವತ್ತು?"

"ಕಿವಿ ಇಲ್ಲೇ ಇದೆ. ಕೈಯದೇ ಯೋಚನೆ."

ಕೈಯ ಯೋಚನೆ ಇವತ್ತಿನದಲ್ಲ, ಅರ್ಧ ಶತಮಾನದ್ದು. ಬೆಳಿಗ್ಗೆ ಹತ್ತಕ್ಕೆ ಉಮಕ್ಕ ತಮ್ಮ ಮನೆಯಲ್ಲಿ, ಮೇಜಿನ ಮೇಲಿರುವ ತಾರು ಕಚೇರಿಯಲ್ಲಿರುತ್ತಿದ್ದಂಥ ಒಂದು ಹಿತ್ತಾಳೆಯ ಕೀಲಿಯನ್ನು ಬೆರಳಿನಿಂದ ಒತ್ತಿ, ಕುಣಿಗಲ್ಲಿನಲ್ಲಿ ಕಾಯುತ್ತಿರುವ ಗೆಳತಿ ಜಮಾಲುನ್ನೀಸಾ ಅವರಿಗೆ ರೇಡಿಯೋದ ಮೂಲಕ ಸುದ್ದಿ ಕಳಿಸಬೇಕು. ಚಿಕ್ಕ ಮಕ್ಕಳು ಮೊಬೈಲಿನಲ್ಲಿ ಜಗತ್ತನ್ನೇ ಒತ್ತುವ ಕಾಲದಲ್ಲಿ ಇದೇನು ಮಹಾ ಅನ್ನಿಸಬಹುದು. ಆದರೆ ಎಪ್ಪತ್ನಾಲ್ಕರ ಈ ಹೆಂಗಸು ಎಪ್ಪತ್ತೊಂದನೇ ಇಸವಿಯ ಯುದ್ಧದಲ್ಲಿ ಶತ್ರುಸೇನೆಯ ವೈರ್‌ಲೆಸ್ ಸುದ್ದಿಗಳನ್ನು ಕದ್ದು ಕೇಳಿದವರು. ಕೇಳಿದವರು ಅಷ್ಟೆ. ಇಡೀ ನೌಕರಿಯಲ್ಲಿ ಅವರು ಒಂದು ಅಕ್ಷರವನ್ನೂ ಆಕಾಶಕ್ಕೆ ಬಿಟ್ಟವರಲ್ಲ. ಬಿಡುವುದು ಅಪರಾಧವಾಗಿತ್ತು. ಆ ಅಪರಾಧವನ್ನು ಇವತ್ತು, ಸರ್ಕಾರದ ಲೈಸೆನ್ಸು ಪಡೆದು, ಮಾಡಬೇಕಾಗಿದೆ.

ಅಂದು ಶತ್ರುವನ್ನು ಕೇಳಿದ ಕಿವಿಯೇ ಇಂದು ಕೊಬ್ಬರಿಯನ್ನು ಕೇಳುತ್ತಿದೆ ಎಂದು ಬರೆಯಲು ಯಾರಿಗಾದರೂ ಕೈ ತುರಿಸುತ್ತದೆ. ಉಮಕ್ಕ ಅದಕ್ಕೆ ಅವಕಾಶ ಕೊಡುವುದಿಲ್ಲ. "ಅದಕ್ಕೂ ಇದಕ್ಕೂ ಏನ್ ಸಂಬಂಧ? ಕಾಯಿ ಅಲ್ಲಾಡ್ಸೋದು ನಮ್ಮತ್ತೆ ಕಲ್ಸಿದ್ದು. ಅವರೇನು ಮಿಲಿಟ್ರೀಲಿದ್ರಾ?"

ನಿಟ್ಟೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಸಿದ್ದಗಂಗಯ್ಯನವರ ಮಗಳು ಅವರು. ಎಸ್ಸೆಸ್ಸೆಲ್ಸಿ ಪಾಸಾಗಿ ಗುಬ್ಬಿಗೆ ಬಂದು ಟೈಪಿಂಗ್ ಕಲಿಯುತ್ತಿದ್ದಾಗ ಕೇಂದ್ರ ಸರ್ಕಾರದ ಒಂದು ಕೆಲಸಕ್ಕೆ ಅರ್ಜಿ ಹಾಕಿದರು. ಬೆಂಗಳೂರಿನ ಸಂದರ್ಶನದಲ್ಲಿ ಯಾರೂ ಟೈಪಿಂಗಿನ ಮಾತೇ ಎತ್ತಲಿಲ್ಲ. ಕಿವಿಗೆ ಹೆಡ್‌ಫೋನು ಹಾಕಿ ಎರಡೆರಡು ಸದ್ದು ಕೇಳಿಸಿ, ಇವೆರಡೂ ಒಂದೇನಾ ಬೇರೆನಾ ಎಂದರು. "ನಾನು ಇದು ಕಿವಿ ಡಾಕ್ಟ್ರ ತಪಾಸಣೆ ಅನ್ಕೊಂಡಿದ್ದೆ. ಪಾಸ್ ಮಾಡೇಬಿಟ್ರು!" ಉತ್ತರಕ್ಕೆ ಹೋಗುವ ರೈಲಿನಲ್ಲಿ ಎದುರು ಸೀಟಿಗೆ ಇನ್ನೊಬ್ಬಳು ಹುಡುಗಿ ಸಿಕ್ಕಳು. ಕುಣಿಗಲ್ಲಿನ ಸೈಕಲ್ ಶಾಪಿನ ಬುಡನ್ ಸಾಬರ ಮಗಳು ಜಮಾಲುನ್ನೀಸಾ. ಅವಳೂ ಟೈಪಿಂಗ್ ಕೆಲಸ ಅಂತಲೇ ಹೊರಟಿದ್ದಳು. ದಾರಿಯುದ್ದಕ್ಕೂ ಇಬ್ಬರೂ ಯಾರ ಸ್ಪೀಡು ಜಾಸ್ತಿ ಎಂದು ಜಗಳವಾಡಿಕೊಂಡು ಹೋದರು.

ಹೋದ ಊರು ಯಾವುದು? "ಚಳಿ ಇತ್ತು ಅಂತ ಬರ್ಕೊಳಿ." ಇಲಾಖೆ? "ಕಾಂಪೌಂಡ್ ಇತ್ತು ಅಂತ ಬರ್ಕೊಳಿ." ಅಷ್ಟು ವರ್ಷಗಳ ಹಿಂದಿನದಲ್ಲವೇ, ಈಗ ಹೇಳಿದರೆ ಏನಾಗುತ್ತದೆ ಎಂದರೆ, ಏನೂ ಆಗದಿರಲಿ ಅಂತಲೇ ಹೇಳದಿರುವುದು ಎಂಬ ಉತ್ತರ ಬರುತ್ತದೆ.

ಅಲ್ಲಿ ಕಲಿಸಿದ್ದು ಮೋರ್ಸ್. ಹಳೇ ತಾರು ಕಚೇರಿಯ ಭಾಷೆ. ಒಂದು ಗಿಡ್ಡ ಸದ್ದು, ಒಂದು ಉದ್ದ ಸದ್ದು, ಇವೆರಡರ ಜೋಡಣೆಯಲ್ಲೇ ಇಂಗ್ಲಿಷಿನ ಎಲ್ಲ ಅಕ್ಷರಗಳೂ. ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತ ಹುಡುಗಿಯರು, ಪ್ರತಿಯೊಬ್ಬಳ ಮುಂದೊಂದು ರಿಸೀವರು, ತಲೆಗೆ ಹೆಡ್‌ಫೋನು, ಕೈಯಲ್ಲಿ ಪೆನ್ಸಿಲು. ಗಡಿಯಾಚೆಯ ಸೇನೆಯ ಆಪರೇಟರುಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುತ್ತಿದ್ದುದನ್ನು ಬಂದ ಹಾಗೆ ಬರೆದುಕೊಳ್ಳುವುದು. ಅದು ಗುಪ್ತ ಸಂಕೇತದಲ್ಲಿರುತ್ತಿತ್ತು. ಅರ್ಥ ಬಿಡಿಸುವವರು ಬೇರೆ ಮನೆಯಲ್ಲಿದ್ದರು. ಇವರು ಬರೆದದ್ದರ ಅರ್ಥ ಇವರಿಗೆ ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಆ ಕೋಣೆಯಲ್ಲಿ ಇಲ್ಲದಿದ್ದ ವಸ್ತು ಒಂದೇ, ಸುದ್ದಿ ಕಳಿಸುವ ಕೀಲಿ. "ಮೊದಲ್ನೇ ದಿನಾನೇ ಹೇಳಿದ್ರು. ನೀವು ಒಂದು ಚುಕ್ಕೆ ಕಳಿಸಿದ್ರೂ ಇಲ್ಲಿ ಯಾರೋ ಕೂತವ್ರೆ ಅಂತ ಅವರಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಅವರು ಬಾಯ್ ಮುಚ್ಕೋತಾರೆ. ಬಾಯ್ ಮುಚ್ಕೊಂಡ್ರೆ ನಮ್ಮ ಹುಡುಗ್ರು ಸಾಯ್ತಾರೆ." ಇಪ್ಪತ್ತರ ಹುಡುಗಿಯ ಬೆರಳಿಗೆ ಇಷ್ಟು ಸಾಕಾಯಿತು. ಅದು ಸೆಟೆದುಕೊಂಡದ್ದು ಇನ್ನೂ ಸಡಿಲಾಗಿಲ್ಲ.

ಜಮಾಲುನ್ನೀಸಾ ಉರ್ದು ಬಲ್ಲವಳೆಂದು ಅಧಿಕಾರಿಗಳಿಗೆ ಖುಷಿಯೋ ಖುಷಿ. ಅವಳನ್ನು ಎಬ್ಬಿಸಿ, ಗಡಿಯಾಚೆಯವರ ಮಾತು ಕೇಳುವ ವಿಭಾಗದಲ್ಲಿ ಕೂರಿಸಿದರು. ವಾರದೊಳಗೆ ಅವಳು ಹಿಂದಿನ ಸೀಟಿಗೇ ವಾಪಸ್ಸು. ಆ ಕಥೆಯನ್ನು ಉಮಕ್ಕ ಅವಳದೇ ಧಾಟಿಯಲ್ಲಿ ಹೇಳುತ್ತಾರೆ: "'ಅದ್ಯಾವ ಉರ್ದೂನೇ ಉಮಾ! ನಮ್ಮನೆ ಉರ್ದೂ ಥರ ನಕ್ಕೋ ಇಲ್ಲ, ಹೌ ಇಲ್ಲ, ಕಾಯ್ಕು ಇಲ್ಲ! ನಮ್ ಕುಣಿಗಲ್ ಕೆರೆ ಏರಿ ಮೇಲೆ ನಿಂತ್ಕೊಂಡು ಹಂಗ್ ಮಾತಾಡಿದ್ರೆ ನಮ್ಮಪ್ಪ ನಗ್ತಿದ್ರು' ಅಂದ್ಲು."

ಯಾರ ಮುಖವನ್ನೂ ನೋಡದೆ ಕೇಳಿ ಕೇಳಿ, ಆಪರೇಟರುಗಳ ಕೈಯೇ ಅವರ ಮುಖವಾಯಿತು. ಒಬ್ಬನದು ಅವಸರದ ಕೈ, ಒಬ್ಬನದು ನಿದ್ದೆಗಣ್ಣಿನ ಕೈ. ಉಮಕ್ಕನ ಪಾಲಿಗೆ ದಿನಾ ಬರುತ್ತಿದ್ದವನೊಬ್ಬ ಪ್ರತಿ ಪದದ ಕೊನೆಯ ಉದ್ದ ಸದ್ದನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತಿದ್ದ. ಮಾವನ ಮನೆಯಿಂದ ಹೊರಡುತ್ತೇನೆ ಎಂದು ಎದ್ದು, ಹೊಸಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲುವ ಹಾಗೆ. ಹುಡುಗಿಯರಿಬ್ಬರೂ ಅವನಿಗೆ 'ಅಳಿಯಂದ್ರು' ಎಂದು ಹೆಸರಿಟ್ಟರು. ಅಳಿಯಂದ್ರು ಬಂದರಾ, ಅಳಿಯಂದ್ರಿಗೆ ಇವತ್ತು ನೆಗಡಿನಾ, ಹೀಗೆ ಕನ್ನಡದಲ್ಲಿ ಪಿಸುಗುಡುತ್ತಿದ್ದರು. ಮೇಲ್ವಿಚಾರಕರು ಅದನ್ನು ಯಾವುದೋ ಗಂಭೀರ ವಿಷಯವೆಂದು ತಿಳಿದು ಸುಮ್ಮನಿರುತ್ತಿದ್ದರು.

ಆ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಎಲ್ಲೋ ದೂರದ, ಬೇರೆಯೇ ಹೆಸರಿನ ಠಾಣೆಯೊಂದು ಮಾತಾಡತೊಡಗಿತು. ಹೊಸ ಹೆಸರು, ಹೊಸ ಜಾಗ, ಹೊಸ ಸಂಕೇತ. ಆದರೆ ಪ್ರತಿ ಪದದ ಕೊನೆಗೂ ಅದೇ ಹೊಸಿಲಲ್ಲಿ ನಿಲ್ಲುವ ಎಳೆತ. ಉಮಕ್ಕ ಹೆಡ್‌ಫೋನಿನ ಒಂದು ಕಿವಿಯನ್ನು ಗೆಳತಿಗೆ ಕೊಟ್ಟರು. ಜಮಾಲುನ್ನೀಸಾ ಒಂದು ಸಾಲು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅಳಿಯಂದ್ರು ಮನೆ ಬದಲಾಯ್ಸವ್ರೆ!" ಅಂದರೆ ಅವನಿದ್ದ ಪಡೆಯೇ ಅಲ್ಲಿಂದ ಇಲ್ಲಿಗೆ ಸದ್ದಿಲ್ಲದೆ ಸರಿದಿದೆ. ಇಬ್ಬರೂ ಓಡಿಹೋಗಿ ಮೇಲ್ವಿಚಾರಕರಿಗೆ ಹೇಳಿದರು. ಅವರು ಮೊದಲು ನಂಬಲಿಲ್ಲ. ಆಮೇಲೆ ತಾವೇ ಕೂತು ಕೇಳಿ, ಬಿಳಿಚಿಕೊಂಡು, ಟೋಪಿ ಮರೆತು ಆಚೆಗೆ ಓಡಿದರು.

ಆಮೇಲೇನಾಯಿತು? "ಗೊತ್ತಿಲ್ಲ." ಯಾರೂ ಹೇಳಲಿಲ್ಲವೇ? "ಮಧ್ಯಾಹ್ನ ಎಲ್ರಿಗೂ ಒಂದೊಂದು ಜಾಮೂನು ಕೊಟ್ರು. ಅದರ ಮೇಲೆ ನೀವೇ ಲೆಕ್ಕ ಹಾಕ್ಕೊಳಿ." ಯುದ್ಧ ಮುಗಿದ ಮೇಲೆ ಆ ಕೈ ಮತ್ತೆಲ್ಲೂ ಕೇಳಿಸಲಿಲ್ಲ. ಕೆಲವು ದಿನ ಇಬ್ಬರೂ ಅವನ ಹೊತ್ತಿಗೆ ಸರಿಯಾಗಿ ಆ ಜಾಗಕ್ಕೆ ರಿಸೀವರು ತಿರುಗಿಸುತ್ತಿದ್ದರಂತೆ. ಬೇರೆ ಡ್ಯೂಟಿ ಹಾಕಿರುತ್ತಾರೆ ಬುಡೇ ಎಂದು ಜಮಾಲುನ್ನೀಸಾ ಹೇಳುವುದು, ಹೌದು ಬುಡು ಎಂದು ಇವರು ಒಪ್ಪುವುದು.

ಇಪ್ಪತ್ತಮೂರನೇ ವಯಸ್ಸಿಗೆ ಉಮಕ್ಕ ಕೆಲಸ ಬಿಟ್ಟು, ಗುಬ್ಬಿಯ ಕಾಯಿ ಮಂಡಿಯಲ್ಲಿ ತೂಕ ನೋಡುತ್ತಿದ್ದ ಅಡವಿಯಪ್ಪನವರನ್ನು ಮದುವೆಯಾದರು. ಗಂಡನ ಮನೆಯವರಿಗೆ ಗೊತ್ತಿದ್ದುದು ಹುಡುಗಿ ದೂರದಲ್ಲೆಲ್ಲೋ ಆಫೀಸಿನಲ್ಲಿದ್ದಳು ಎಂಬಷ್ಟೇ. ಆದರೆ ಒಂದು ವಿಷಯ ಬೇಗ ಗಮನಕ್ಕೆ ಬಂತು. ಈ ಸೊಸೆ ಕರೆದರೆ ಓಗೊಡುವುದಿಲ್ಲ. ಅಡವಿಯಪ್ಪ ಬಚ್ಚಲಿನಿಂದ ಟವೆಲ್ಲಿಗಾಗಿ ಕೂಗುತ್ತಾರೆ, ಉಮಕ್ಕ ಅಡುಗೆಮನೆಯಲ್ಲಿ ತಲೆಯೆತ್ತಿ ಗಮನವಿಟ್ಟು ಕೇಳುತ್ತಾರೆ, ಅವರು ಮತ್ತೆ ಕೂಗುತ್ತಾರೆ, ಇವರು ಮತ್ತೆ ಕೇಳುತ್ತಾರೆ. ಅಷ್ಟೇ. "ಕೂಗಿದ್ದು ಚೆನ್ನಾಗೇ ಕೇಳಿಸ್ತಿತ್ತು. ಮನಸ್ಸಲ್ಲಿ ಬರ್ಕೋತಿದ್ದೆ. ಉತ್ತರ ಕೊಡೋದು ನಮ್ ಕೆಲಸ ಅಲ್ಲ ಅಂತ ತಲೇಲಿ ಕೂತ್ಬಿಟ್ಟಿತ್ತು." ಅತ್ತೆ ಮಹಾಲಕ್ಷ್ಮಮ್ಮ, ಕಿವುಡಿಯನ್ನು ಗಂಟುಹಾಕಿದರೆಂದು ಬೀಗರಿಗೆ ಶಾಪ ಹಾಕುತ್ತಾ ತುಮಕೂರಿನ ಕಿವಿ ಡಾಕ್ಟರರ ಹತ್ತಿರ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿ, ಇಂಥ ಕಿವಿ ನನಗೂ ಇಲ್ಲ ಎಂದರು. ಹಾಗಾದರೆ ಇದು ಕಿವುಡಲ್ಲ, ಕೊಬ್ಬು ಎಂದು ಅತ್ತೆ ತೀರ್ಮಾನಿಸಿದರು. ಕಾಯಿ ಅಲ್ಲಾಡಿಸುವ ವಿದ್ಯೆ ಕಲಿಸುವಾಗ ಮಾತ್ರ, ಇವಳು ನನಗಿಂತ ಚುರುಕು ಎಂದು ಒಪ್ಪಿಕೊಂಡರಂತೆ, ಅದೂ ಪಕ್ಕದ ಮನೆಯವರ ಹತ್ತಿರ.

ಜಮಾಲುನ್ನೀಸಾ ಕುಣಿಗಲ್ಲಿನಲ್ಲೇ ಸಂಸಾರ ಹೂಡಿದರು. ಮನೆಗಳಿಗೆ ಫೋನು ಬಂದ ಮೇಲೆ ವಾರಕ್ಕೊಂದು ಕರೆ ತಪ್ಪಿದ್ದಿಲ್ಲ. ಆದರೆ ಇಬ್ಬರೂ ಕೇಳುವ ಕುಲದವರು. ಫೋನೆತ್ತಿ ಹಲೋ ಎನ್ನುವ ಅಭ್ಯಾಸ ಇಬ್ಬರಿಗೂ ಇಲ್ಲ. ಈ ಕಡೆ ಉಸಿರು, ಆ ಕಡೆ ಉಸಿರು. ಯಾರಾದರೊಬ್ಬರಿಗೆ ನಗು ತಡೆಯಲಾಗದೆ ಹೋದಾಗ ಮಾತು ಶುರು.

ಎರಡು ವರ್ಷದ ಹಿಂದೆ ಆ ನಗು ನಿಂತಿತು. ಜಮಾಲುನ್ನೀಸಾ ಅವರಿಗೆ ಫೋನಿನಲ್ಲಿ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. "ನೀರೊಳಗೆ ಕೂತು ಮಾತಾಡ್ದಂಗಾಯ್ತದೆ ಕಣೇ ನೀನು" ಎಂದರು. ಕಿವಿಗೆ ಹಾಕುವ ಯಂತ್ರ ತಂದರೆ ಕುಕ್ಕರಿನ ಸೀಟಿ ಬಾಂಬಾಯಿತು, ಮನುಷ್ಯರ ಮಾತು ಮಾತ್ರ ಮುದ್ದೆಯಾಗಿಯೇ ಉಳಿಯಿತು. ಸಣ್ಣ ಸ್ವರಗಳೆಲ್ಲ ಹೋಗಿವೆ, ದಪ್ಪ ಸ್ವರ ಒಂದಿಷ್ಟು ಉಳಿದಿದೆ, ಅದೂ ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ವಾಟ್ಸಾಪಿನಲ್ಲಿ ಬರೆದು ಕಳಿಸಬಾರದೇ ಎಂದವರಿಗೆ ಅವರು ಕೊಟ್ಟ ಉತ್ತರ: "ಓದಕ್ಕೆ ಪೇಪರ್ ಬರ್ತದೆ. ನಂಗೆ ಮನುಷ್ರು ಕೇಳಿಸ್ಬೇಕು."

ಅವರ ಮೊಮ್ಮಗಳು ಅರ್ಜೂ ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ಹವ್ಯಾಸಿ ರೇಡಿಯೋ ಲೈಸೆನ್ಸಿನ ಪರೀಕ್ಷೆಗಾಗಿ ಒಂದು ಭಾನುವಾರ ಮನೆಯಲ್ಲಿ, ದಪ್ಪ ಸ್ವರದಲ್ಲಿ ಸದ್ದು ಮಾಡುವ ಪೆಟ್ಟಿಗೆಯೊಂದರ ಮೇಲೆ ಮೋರ್ಸ್ ಅಭ್ಯಾಸ ಮಾಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ, ಹೆಸರು ಹಿಡಿದು ಕೂಗಿದರೂ ತಿಳಿಯದ ಅಜ್ಜಿ ಸೊಪ್ಪು ಬಿಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಆ ಕೋಣೆಯಿಂದ ಕೂಗು ಬಂತು: "ಲೇ, ಅದು 'ಆರ್' ಆಯ್ತು ಕಣೇ, 'ಕೆ' ಅಲ್ಲ. ಇನ್ನೊಂದ್ಸಲ ಒತ್ತು."

ಅರ್ಜೂಗೆ ಮೊದಲು ಅರ್ಥವಾದದ್ದು ಅಜ್ಜಿಗೆ ಕೇಳಿಸಿತು ಎಂಬುದು. ಎರಡನೆಯದು, ಅಜ್ಜಿಗೆ ಮೋರ್ಸ್ ಬರುತ್ತದೆ ಎಂಬುದು, ಅರ್ಥವಾಗಲು ಕುರ್ಚಿ ಬೇಕಾಯಿತು. ಅರ್ಧ ಶತಮಾನ ಮನೆಯವರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಜಮಾಲುನ್ನೀಸಾ ಆ ಮಧ್ಯಾಹ್ನ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಹೇಳಿದರು. ಆಮೇಲೆ ಗುಬ್ಬಿಗೆ ಫೋನು ಮಾಡಿಸಿ, ಈ ಕಡೆಯಿಂದ ಏನು ಬಂದರೂ ತನಗೆ ತಿಳಿಯದೆಂದು ಗೊತ್ತಿದ್ದೂ ಕಿರುಚಿದರು: "ಉಮಾ! ನಂಗೆ ಮೋರ್ಸ್ ಕೇಳಿಸ್ತದೆ ಕಣೇ! ನೀನು ಕಳ್ಸು, ನಾನು ಕೇಳ್ತೀನಿ!"

ಉಮಕ್ಕ ಫೋನು ಕೆಳಗಿಟ್ಟು ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು.

ಮೊಬೈಲಿನಲ್ಲೇ ಆ ಸದ್ದು ಕಳಿಸುವ ಪ್ರಯತ್ನ ನಡೆಯಿತು. ಫೋನಿನ ಬುದ್ಧಿವಂತಿಕೆ ಅದನ್ನು ಹಿನ್ನೆಲೆಯ ಗಲಾಟೆ ಎಂದು ತಿಳಿದು ಅಚ್ಚುಕಟ್ಟಾಗಿ ನುಂಗಿಹಾಕಿತು. ಹಾಗಾಗಿ ರೇಡಿಯೋವೇ ಗತಿ. ಜಮಾಲುನ್ನೀಸಾ ಅವರದು ಕೇಳುವ ಪಾಲು, ಅದಕ್ಕೆ ರಿಸೀವರು ಸಾಕು. ತಿರುಗಿ ಹೇಳುವುದನ್ನು ಫೋನಿನಲ್ಲಿ ಬಾಯಿಮಾತಿನಲ್ಲೇ ಹೇಳಬಹುದು, ಉಮಕ್ಕನ ಕಿವಿ ಗಟ್ಟಿಯಾಗಿದೆ. ಕಳಿಸುವ ಲೈಸೆನ್ಸು ಪಡೆಯಬೇಕಾದವರು ಉಮಕ್ಕ ಒಬ್ಬರೇ.

ತುಮಕೂರಿನಲ್ಲಿ ನಿವೃತ್ತ ಟೆಲಿಫೋನ್ ನೌಕರ ರೇಣುಕಾಪ್ರಸಾದ್ ತಮ್ಮ ಮನೆಯ ವರಾಂಡದಲ್ಲಿ ಭಾನುವಾರಗಳಂದು ಹವ್ಯಾಸಿಗಳಿಗೆ ಪಾಠ ಹೇಳುತ್ತಾರೆ. ಶೆಡ್ಡಿನ ಕೆಲಸ ಮುಗಿಸಿ, ಬಸ್ಸು ಹತ್ತಿ, ಕಾಲೇಜು ಹುಡುಗರ ನಡುವೆ ಉಮಕ್ಕ ಕೂತರು. ಬೆಂಗಳೂರಿನಲ್ಲಿ ನಡೆದ ಮೊದಲ ಪರೀಕ್ಷೆಯ ಕೇಳುವ ಭಾಗದಲ್ಲಿ ತೊಂದರೆಯಾದದ್ದು ಪರೀಕ್ಷಕರಿಗೆ. ಬರೆದು ಮುಗಿಸಿದ ಉಮಕ್ಕ ಹಾಳೆಯನ್ನು ಬೋರಲು ಹಾಕಿ ಅದರ ಮೇಲೆ ಮೊಣಕೈ ಊರಿಬಿಟ್ಟರು. ಕೊಡಿ ಎಂದ ಪರೀಕ್ಷಕರಿಗೇ ಗುರುತಿನ ಚೀಟಿ ತೋರಿಸಿ ಎಂದರು. ಅವರು ನಗುತ್ತಾ ತೋರಿಸಿದರು. ಇವರು ಫೋಟೋವನ್ನೂ ಮುಖವನ್ನೂ ತಾಳೆ ನೋಡಿಯೇ ಕೊಟ್ಟರು.

ಕಳಿಸುವ ಭಾಗದಲ್ಲಿ ನಗು ಇರಲಿಲ್ಲ. ಕೀಲಿಯ ಮೇಲೆ ಬೆರಳಿಟ್ಟು ಉಮಕ್ಕ ಕೂತರು. ಬೆರಳು ಇಳಿಯಲಿಲ್ಲ. ಸೆರಗಿನಿಂದ ಹಣೆ ಒರೆಸಿಕೊಂಡು ಮತ್ತೆ ಇಟ್ಟರು. ಇಳಿಯಲಿಲ್ಲ. "ಒತ್ತಿದ್ರೆ ಯಾರಿಗೋ ಗೊತ್ತಾಗ್ಬಿಡುತ್ತೆ ಅನ್ನಿಸ್ತು. ಯಾರಿಗೆ ಅಂತ ಕೇಳ್ಬೇಡಿ. ಅನ್ನಿಸ್ತು." ನಪಾಸು.

ಆ ಸುದ್ದಿಯನ್ನು ಅರ್ಜೂ ಅಜ್ಜಿಗೆ ಬರೆದು ತೋರಿಸಿದಾಗ ಕುಣಿಗಲ್ಲಿನಿಂದ ಬಂದ ಫೋನು ಸಾಂತ್ವನದ್ದಾಗಿರಲಿಲ್ಲ. "ಗೊತ್ತಾಗ್ಲಿ ಅಂತಾನೇ ಅಲ್ವೇನೇ ಕಳ್ಸೋದು, ದಡ್ಡಿ! ಯುದ್ಧ ಮುಗ್ದೋಗದೆ, ಯಾರಾದ್ರೂ ಹೇಳ್ರೋ ಇವಳಿಗೆ!"

ಹೇಳಿದ್ದು ಕೊಬ್ಬರಿ ಶೆಡ್ಡು. ಬಿಡುವಿನಲ್ಲಿ ಉಮಕ್ಕ ಒಂದು ಕರಟ ಹಿಡಿದು ಹಲಗೆಯ ಮೇಲೆ ಅಭ್ಯಾಸ ಮಾಡತೊಡಗಿದರು. ಗಿಡ್ಡ ಸದ್ದಿಗೆ ಒಂದು ಕುಟ್ಟು, ಉದ್ದ ಸದ್ದಿಗೆ ಒಂದು ಎಳೆತ. ಟಕ್, ಸರ್. ಕೀಲಿಯಲ್ಲದ ಕಾರಣ ಬೆರಳು ತಕರಾರು ಮಾಡಲಿಲ್ಲ. ಇದೇನಕ್ಕ ಎಂದ ಓಬಳಮ್ಮನಿಗೆ ಅವರ ಹೆಸರನ್ನೇ ಕುಟ್ಟಿ ತೋರಿಸಿದರು. ಅಲ್ಲಿಗೆ ಕೆಲಸ ಕೆಟ್ಟಿತು. "ನಂದೂ ಬಾರ್ಸಕ್ಕ", "ನಮ್ ಯಜಮಾನ್ರದ್ದು ಬಾರ್ಸಕ್ಕ, ಬೈಗುಳ ಸೇರ್ಸಿ" ಎಂದು ಹೆಂಗಸರು ಮುತ್ತಿಕೊಂಡರು. ಗಂಗಣ್ಣ ಬಂದು, "ಕೊಬ್ಬರಿ ಶೆಡ್ಡೋ ಇದು, ಭಜನೆ ಮನೆಯೋ?" ಎಂದವರು, ತಮ್ಮ ಹೆಸರಿನ ಸದ್ದು ಕೇಳಿ ಇನ್ನೊಂದು ಸಲ ಎಂದರು. ಬದುಕಿನಲ್ಲಿ ಮೊದಲ ಬಾರಿಗೆ ಉಮಕ್ಕನ ಕೈಯಿಂದ ಹೊರಟದ್ದನ್ನು ಜನ ಕೇಳಿ ಕೇಳಿ ಹಾಕಿಸಿಕೊಂಡರು.

ಧೈರ್ಯ ಬಂದು ಒಂದು ದಿನ ಕುಣಿಗಲ್ಲಿಗೇ ಹೋದರು. ಊಟದ ಮೇಜಿನ ಮೇಲೆ ಕುಟ್ಟಿ, ಎಳೆದು, ಒಂದು ಸಾಲು ಹೇಳಿದರು. ಜಮಾಲುನ್ನೀಸಾ ಅಂಗೈಯನ್ನು ಮೇಜಿಗೆ ಒತ್ತಿಟ್ಟು ಅದನ್ನು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬದಲಾಯಿತು.

"ಯಾ ಅಲ್ಲಾ! ಉಮಾ, ಇದು ನಿನ್ ಕೈ ಅಲ್ಲ. ಇದು ಅಳಿಯಂದ್ರ ಕೈ!"

ಹೌದು. ಪ್ರತಿ ಪದದ ಕೊನೆಗೂ ಅದೇ ಎಳೆತ, ಅದೇ ಹೊಸಿಲು. ಕಳಿಸುವುದನ್ನು ಉಮಕ್ಕನಿಗೆ ಯಾರೂ ಕಲಿಸಿರಲಿಲ್ಲ. ತಿಂಗಳುಗಟ್ಟಲೆ ಕಿವಿಯಲ್ಲಿ ತುಂಬಿಕೊಂಡದ್ದು ಒಬ್ಬನ ಕೈಯನ್ನು, ಆ ಕೈ ಇವರ ಕೈಗೆ ಇಳಿದುಬಿಟ್ಟಿತ್ತು. ಗಡಿಯಾಚೆಯ ಯಾವನೋ ಹುಡುಗನ ಕೆಟ್ಟ ಅಭ್ಯಾಸವೊಂದು ಗುಬ್ಬಿಯಲ್ಲಿ ಕ್ಷೇಮವಾಗಿತ್ತು. ಇಬ್ಬರು ಅಜ್ಜಿಯರೂ ನಕ್ಕರು. ರೇಣುಕಾಪ್ರಸಾದ್ ಈ ಎಳೆತವನ್ನು ತಿದ್ದಲು ನೋಡಿದಾಗ ಜಮಾಲುನ್ನೀಸಾ ಅಡ್ಡ ಬಂದರು: "ಪರೀಕ್ಷೆಗೆ ಬೇಕಾದ್ರೆ ತಿದ್ಕೊಳ್ಲಿ. ನಂಗೆ ಹಿಂಗೇ ಇರ್ಲಿ. ಎಷ್ಟು ಗದ್ಲ ಇದ್ರೂ ಗುರ್ತು ಸಿಗ್ತದೆ."

ಎರಡನೇ ಪರೀಕ್ಷೆಯಲ್ಲಿ ಬೆರಳು ಇಳಿಯಿತು, ಲೈಸೆನ್ಸು ಬಂತು. ಆದರೆ ಆ ಕೀಲಿಗೆ ಕಟ್ಟಿದ್ದುದು ಒಂದು ಗುಂಯ್‌ಗುಡುವ ಪೆಟ್ಟಿಗೆ ಮಾತ್ರ. ಸದ್ದು ಆ ಕೋಣೆ ದಾಟುತ್ತಿರಲಿಲ್ಲ. ಇವತ್ತಿನ ಕೀಲಿಗೆ ಆಕಾಶ ಕಟ್ಟಿದೆ. ಅದನ್ನು ನೆನೆದರೆ ಉಮಕ್ಕನ ಬೆರಳು ಮತ್ತೆ ಇಪ್ಪತ್ತರ ಹುಡುಗಿಯದಾಗುತ್ತದೆ.

ಹತ್ತು ಗಂಟೆಗೆ ಮುಂಚೆಯೇ ಮನೆ ತುಂಬಿದೆ. ತಾರಸಿಯ ನೀರಿನ ಟ್ಯಾಂಕಿನಿಂದ ಹಿತ್ತಲಿನ ತೆಂಗಿನಮರಕ್ಕೆ ರೇಣುಕಾಪ್ರಸಾದ್ ಬಿಗಿದ ತಂತಿಯನ್ನು ಬೀದಿಯವರು ಬಟ್ಟೆ ಒಣಹಾಕುವ ಹಗ್ಗವೆಂದು ತಿಳಿದು, ಇಷ್ಟೆತ್ತರಕ್ಕೆ ಯಾಕೆ ಎಂದು ಚರ್ಚಿಸುತ್ತಿದ್ದಾರೆ. ಓಬಳಮ್ಮ ಅರ್ಧ ದಿನದ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದಾರೆ. ಉಮಕ್ಕ ಸೀರೆ ಬದಲಾಯಿಸಿ, ವಿಭೂತಿ ಇಟ್ಟು, ಹೆಡ್‌ಫೋನು ಹಾಕಿ ಕೂತರು. ಮೇಜಿನ ಮೇಲೆ ಮೊಬೈಲು ಇದೆ, ಕುಣಿಗಲ್ಲಿನ ಉತ್ತರಕ್ಕೆ. ರೇಣುಕಾಪ್ರಸಾದ್ ಸ್ವಿಚ್ಚು ಹಾಕಿದರು. ಕೋಣೆಯ ತುಂಬ ಆಕಾಶದ ಸುಯ್ಯೆನ್ನುವ ಸದ್ದು.

ಉಮಕ್ಕ ಕಣ್ಣು ಮುಚ್ಚಿ ಕೇಳಿದರು. ಕೇಳುತ್ತಲೇ ಇದ್ದರು.

"ಅಮ್ಮಾ, ಇನ್ನು ಕಳಿಸಬಹುದು."

ತಲೆಯಾಡಿಸಿದರು. ಕೇಳುತ್ತಿದ್ದರು. ಬೆರಳು ಕೀಲಿಯ ಮೇಲಿದೆ, ಉಗುರು ಬೆಳ್ಳಗಾಗಿದೆ. ಗಡಿಯಾರ ಹತ್ತು ದಾಟಿತು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಸ್ಪೀಕರ್ ಹಾಕುವುದೇ ತಡ, ಕುಣಿಗಲ್ಲು ಸ್ಫೋಟಿಸಿತು.

"ಏನೇ! ಕೇಳ್ತಾ ಕೂತಿದೀಯೇನೇ? ಇಲ್ಲಿ ನಾನೂ ಕೇಳ್ತಾ ಕೂತಿದೀನಿ! ಇಬ್ರೂ ಕೇಳ್ತಾ ಕೂತ್ರೆ ಕಳ್ಸೋರು ಯಾರೇ, ನಮ್ಮಪ್ಪ ಬರ್ಬೇಕಾ ಸೈಕಲ್ ತಗೊಂಡು?"

ಉಮಕ್ಕನಿಗೆ ನಗು ಬಂತು. ನಗುವಿಗೆ ಭುಜ ಅಲುಗಿತು, ಭುಜದ ಜೊತೆ ಮೊಣಕೈ, ಮೊಣಕೈಯ ಜೊತೆ ಬೆರಳು. ಕೀಲಿ ಇಳಿಯಿತು. ಕುಂಯ್.

ಒಂದು ಚುಕ್ಕೆ ಅಷ್ಟೆ. ಉಮಕ್ಕ ಬೆಚ್ಚಿ ಸುತ್ತ ನೋಡಿದರು. ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ, ಯಾರೂ ಸಾಯಲಿಲ್ಲ. ಬದಲಿಗೆ ಮೊಬೈಲಿನಲ್ಲಿ ಒಂದು ಕೂಗು: "ಬಂತು! ಬಂತು ಕಣೇ, ಮುಂದಕ್ಕೆ ನಡಿ!"

ನಿಯಮದಂತೆ ಮೊದಲು, ಲೈಸೆನ್ಸಿನ ಜೊತೆ ಸರ್ಕಾರ ಕೊಟ್ಟ ತಮ್ಮ ಕರೆಹೆಸರು ಕಳಿಸಿದರು. ನಿಂತರು, ಉಸಿರೆಳೆದುಕೊಂಡರು. ಆಮೇಲೆ ಬೆರಳು ತಾನಾಗಿ ನಡೆಯಿತು. ಇಲ್ಲಿ ಕುಂಯ್‌ಗುಟ್ಟಿದ್ದು ಅಲ್ಲಿ ಅಕ್ಷರವಾಗಿ, ಮೊಬೈಲಿನಲ್ಲಿ ಜಮಾಲುನ್ನೀಸಾರ ದನಿಯಾಗಿ ಒಂದೊಂದೇ ವಾಪಸ್ಸು ಬರತೊಡಗಿತು.

"ಜೆ... ಎ... ಎಂ... ಎ... ಎಲ್... ಯು. ಜಮಾಲು! ನಾನೇ ಕಣೇ ಅದು! ಕೆ... ಇ... ಎಲ್... ಐ..." ದನಿ ತಡವರಿಸಿತು. ಹಿಂದೆ ಅರ್ಜೂ ಏನೋ ಹೇಳುತ್ತಿರುವುದು ಕೇಳಿಸಿತು. "ಸುಮ್ನಿರೇ, ಗೊತ್ತಾಯ್ತು ನಂಗೆ. ಕೇಳಿಸ್ತಾ ಅಂತ ಕೇಳ್ತಾವ್ಳೆ. ಉಮಾ, ಕೇಳಿಸ್ತು ಕಣೇ. ಒಂದೊಂದೂ ಕೇಳಿಸ್ತು. ಎರಡು ವರ್ಷ ಆಗಿತ್ತಲ್ಲೇ ನಿನ್ ಮಾತು ಕೇಳಿ."

ಓಬಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ರೇಣುಕಾಪ್ರಸಾದ್ ಇದ್ದಕ್ಕಿದ್ದಂತೆ ಒಂದು ವೈರನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದರು. ಉಮಕ್ಕ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಕಳಿಸುತ್ತಿದ್ದರು. ಅರ್ಜೂ ಸರಿಯಾಗಿ ಊಟ ಮಾಡುತ್ತಾಳಾ ಎಂದು ಕೇಳಿದರು. ನಿಟ್ಟೂರಿನ ತಮ್ಮನ ಮನೆಯ ಗೃಹಪ್ರವೇಶದ ಅಡುಗೆ ಕೆಟ್ಟದ್ದನ್ನು ಹೇಳಿದರು. ಹಾಗಲವಾಡಿಯಿಂದ ಬಂದ ಕಾಯಿ ಈ ಸಲ ಅಷ್ಟಕ್ಕಷ್ಟೇ ಎಂದರು. ರೇಣುಕಾಪ್ರಸಾದ್ ಕೈಸನ್ನೆ ಮಾಡಿದರು, ಗಡಿಯಾರ ತೋರಿಸಿದರು. ಉಮಕ್ಕ ಅವರ ಕೈಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ ಮುಂದುವರಿಸಿದರು.

"ಲೇ ಉಮಾ, ನಿಲ್ಸೇ! ನಂಗೂ ಒಂದ್ ಮಾತು ಆಡಕ್ಕೆ ಬುಡೇ!" ಎಂದು ಮೊಬೈಲು ಅಂಗಲಾಚಿತು.

ಉಮಕ್ಕನಿಗೆ ಅದು ಚೆನ್ನಾಗಿಯೇ ಕೇಳಿಸಿತು. ಬೆರಳು ನಿಲ್ಲಿಸದೆ, ಬಾಗಿಲಲ್ಲಿದ್ದವರ ಕಡೆ ಅರ್ಧ ತಿರುಗಿ ಹೇಳಿದರು:

"ಇಷ್ಟು ವರ್ಷ ನಾನು ಕೇಳಿದೀನಿ. ಅವಳ ಕಿವಿ ಇರೋಗಂಟ ಇನ್ನು ಅವಳು ಕೇಳ್ಲಿ."